ಎರಡು ಮನೆಯ ಸಾಮಾನು ಒಂದೇ ಸೂರಿನಡಿ: ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ಊರಮನೆ ಸೊಸೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನ್ನ ಯಜಮಾನರು ಕಳೆದ ಮಾರ್ಚಿಯಲ್ಲಿ ನಿವೃತ್ತರಾದರು. ಇಪ್ಪತ್ತಾರು ವರ್ಷ ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆ ಮನೆಯಲ್ಲಿದ್ದ ನಾವು ಈಗ ಎಂಬತ್ತೆರಡು ವರ್ಷದ ಅತ್ತೆಯವರ ಜೊತೆಗಿರಲು ಊರಮನೆಗೆ ಬಂದಿದ್ದೇವೆ. ಲಾರಿಯಿಂದ ಸಾಮಾನು ಇಳಿಸಿದ ದಿನವೇ ನಮ್ಮ ಬಳಿ ಏನೇನಿದೆ ಎಂಬುದು ಮೊದಲ ಬಾರಿಗೆ ಸರಿಯಾಗಿ ಕಣ್ಣಿಗೆ ಬಿದ್ದದ್ದು. ಎರಡು ಫ್ರಿಜ್ಜು, ಮೂರು ಮಿಕ್ಸಿ, ಒಂದು ಗ್ರೈಂಡರು (ಅದರ ಪಕ್ಕದಲ್ಲೇ ಅತ್ತೆಯವರ ಒರಳು ಮತ್ತು ಬೀಸುವ ಕಲ್ಲು), ಗೃಹಪ್ರವೇಶ ಉಪನಯನಗಳಲ್ಲಿ ಉಡುಗೊರೆಯಾಗಿ ಬಂದು ಇಂದಿಗೂ ರಟ್ಟಿನ ಪೆಟ್ಟಿಗೆಯಿಂದ ಹೊರಬಾರದ ಸ್ಟೀಲ್ ಡಬ್ಬಿಗಳು, ಹದಿನೆಂಟು ಪ್ಲಾಸ್ಟಿಕ್ ಕುರ್ಚಿ, ಬಚ್ಚಲಿನ ತಾಮ್ರದ ಹಂಡೆ, ಅಟ್ಟದ ಮೇಲೆ ಮೂರು ಹಿತ್ತಾಳೆ ಕೊಪ್ಪರಿಗೆ, ಎರಡು ಟ್ರಂಕು ಸೀರೆ, ಒಂದು ಬುಟ್ಟಿಯ ತುಂಬ ಹಳೆಯ ಮೊಬೈಲು ಮತ್ತು ಚಾರ್ಜರುಗಳು. ಇದು ಪಟ್ಟಿಯ ಅರ್ಧ ಮಾತ್ರ.

ಬೆಂಗಳೂರಿನಲ್ಲಿರುವ ಮಗಳ ಅಭಿಪ್ರಾಯ ಖಚಿತವಾಗಿದೆ. ಆರು ತಿಂಗಳಿಂದ ಮುಟ್ಟದ ವಸ್ತು ಮನೆಯಲ್ಲಿರಬಾರದು, ಕಡಿಮೆ ಸಾಮಾನಿನಲ್ಲಿ ಬದುಕುವುದೇ ಹವಾಮಾನ ಬದಲಾವಣೆಯ ಕಾಲದಲ್ಲಿ ಒಂದು ಸಂಸಾರ ಮಾಡಬಹುದಾದ ಮೊದಲ ಕೆಲಸ ಎಂದು ಅವಳು ಹೇಳುತ್ತಾಳೆ. ಅತ್ತೆಯವರದು ಅದರ ನೇರ ವಿರುದ್ಧದ ನಿಲುವು. ಇಟ್ಟ ವಸ್ತು ಎಂದಾದರೊಮ್ಮೆ ಕೆಲಸಕ್ಕೆ ಬರುತ್ತದೆ ಎನ್ನುವ ಅವರು ಔಷಧದ ಖಾಲಿ ಬಾಟಲಿಯನ್ನೂ ಎಸೆಯಲು ಬಿಡುವುದಿಲ್ಲ. ಇಬ್ಬರ ನಡುವೆ ನಿಂತಿರುವ ನನಗೆ ಈ ವಿಷಯ ಮನೆಯ ಅಚ್ಚುಕಟ್ಟಿಗಷ್ಟೇ ಸೇರಿದ್ದಲ್ಲ. 2019ರ ಆಗಸ್ಟಿನ ಮಳೆಯಲ್ಲಿ ನಮ್ಮ ನೆರೆಯವರ ತೋಟದ ಹಿಂದಿನ ಧರೆ ಕುಸಿದು ಅರ್ಧ ಎಕರೆ ಅಡಿಕೆ ಮಣ್ಣಿನಡಿ ಸೇರಿದ್ದನ್ನು ನೋಡಿದವಳು ನಾನು. ಅದೊಂದು ಮಳೆಗೆ ಇದೇ ಕಾರಣವೆಂದು ನಾನು ಹೇಳುವುದಿಲ್ಲ, ಆದರೆ ಕೈಲಾದದ್ದನ್ನು ಮಾಡಬೇಕೆಂಬ ಮನಸ್ಸು ಆಗಿನಿಂದ ಇದೆ.

ಆದ್ದರಿಂದ ತಿಳಿದವರಲ್ಲಿ ಕೇಳುತ್ತಿದ್ದೇನೆ. ಎರಡು ಫ್ರಿಜ್ಜಿನಲ್ಲಿ ಒಂದನ್ನು ಮಾರುವುದು ಸರಿಯೇ, ಇಲ್ಲವೇ ಎರಡನ್ನೂ ಕೊಟ್ಟು ಹೊಸದನ್ನು ತರುವುದು ಒಳ್ಳೆಯದೇ? ಹಂಡೆಯಲ್ಲಿ ಸೌದೆ ಉರಿಸುವುದು ತಪ್ಪೆಂದು ಮಗಳು ಗೀಸರ್ ಹಾಕಿಸಲು ಹೇಳುತ್ತಾಳೆ, ಅದು ಸರಿಯೇ? ಸೀರೆ, ಪಾತ್ರೆ, ಕುರ್ಚಿಗಳನ್ನು ದಾಟಿಸುವುದರಿಂದ ನಿಜವಾಗಿ ಏನಾದರೂ ಪ್ರಯೋಜನವಿದೆಯೇ, ಇಲ್ಲವೇ ನಮ್ಮ ಕಣ್ಣಿಗೆ ಮನೆ ಖಾಲಿ ಕಂಡು ಸಮಾಧಾನವಾಗುವುದಷ್ಟೇ ಲಾಭವೇ? ಮುಂದಿನ ದೀಪಾವಳಿಯ ಮೇಲೆ ಈ ಹಳೆಯ ಹೆಂಚಿನ ಮನೆಯನ್ನು ಬಿಚ್ಚಿ ಸಾವಿರ ಚದರ ಅಡಿಯ ಚಿಕ್ಕ ಆರ್‌ಸಿಸಿ ಮನೆ ಕಟ್ಟಿ, ಮೇಲೆ ಸೋಲಾರ್ ಫಲಕ ಕೂರಿಸುವ ಯೋಚನೆಯಿದೆ. ಅಷ್ಟರೊಳಗೆ ಸಾಮಾನು ಕಡಿಮೆಯಾದರೆ ಅನುಕೂಲ.


ಉತ್ತರ: ಹಿನ್ನೀರು, ಸಾಗರ

ಅಕ್ಕನವರಿಗೆ ನಮಸ್ಕಾರ. ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲೂ ಇದೇ ವಾದ ನಡೆದು ಮುಗಿದಿದೆ. ನಿಮ್ಮ ಅಟ್ಟದ ಮೇಲಿರುವ ಹಿತ್ತಾಳೆ ಕೊಪ್ಪರಿಗೆಯನ್ನು ಎರಕ ಹೊಯ್ಯುವಾಗ ಎದ್ದ ಹೊಗೆ ಐವತ್ತು ವರ್ಷದ ಹಿಂದೆಯೇ ಎದ್ದು ಹೋಗಿದೆ. ಈಗ ಅದು ಅಟ್ಟದಲ್ಲಿದ್ದರೂ, ಗುಜರಿಗೆ ಹೋದರೂ ಆ ಹೊಗೆ ಹಿಂದಿರುಗುವುದಿಲ್ಲ. ನೀವು ಕೊಟ್ಟ ವಸ್ತುವಿನಿಂದಾಗಿ ಇನ್ನೊಬ್ಬರು ಹೊಸದನ್ನು ಕೊಳ್ಳುವುದು ತಪ್ಪಿದರೆ ಮಾತ್ರ ಅದರಲ್ಲಿ ಲಾಭವಿದೆ. ಹಾಗಾಗಿ ‘ಇದು ನನಗೆ ಬೇಕೇ’ ಎಂದು ಕೇಳಿಕೊಳ್ಳುವ ಬದಲು ‘ಇದು ಇಲ್ಲದೆ ಯಾರು ಅಂಗಡಿಗೆ ಹೊರಟಿದ್ದಾರೆ’ ಎಂದು ವಿಚಾರಿಸಿ. ಉತ್ತರ ಸಿಗದ ವಸ್ತು ಅಟ್ಟದಲ್ಲೇ ಇರಲಿ, ಅದು ಅನ್ನ ಕೇಳುವುದಿಲ್ಲ.

ಹದಿನೆಂಟು ಕುರ್ಚಿಯ ವಿಷಯ ಹೇಳುತ್ತೇನೆ. ನಮ್ಮ ಊರಿನಲ್ಲಿ ದೇವಸ್ಥಾನಕ್ಕೆ ಸೇರಿದ ದೊಡ್ಡ ಪಾತ್ರೆಗಳು, ಸೌಟು, ಜಮಖಾನೆಗಳು ಮೊದಲಿನಿಂದಲೂ ಇದ್ದವು. ಯಾರ ಮನೆಯಲ್ಲಿ ಕಾರ್ಯವಾದರೂ ಅಲ್ಲಿಂದ ತಂದು, ತೊಳೆದು, ಹಿಂದಕ್ಕೆ ಇಡುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿ ಅಗ್ಗವಾದ ಮೇಲೆ ಪ್ರತಿ ಮನೆಯೂ ಹತ್ತಿಪ್ಪತ್ತು ಕೊಂಡಿತು, ವರ್ಷದಲ್ಲಿ ಎರಡು ದಿನ ಬಳಸಿತು. ಮೂರು ವರ್ಷದ ಹಿಂದೆ ಒಂಬತ್ತು ಮನೆಯವರು ಸೇರಿ ಕುರ್ಚಿ, ಏಣಿ, ಗ್ಯಾಸಿನ ದೊಡ್ಡ ಒಲೆ, ಕಳೆ ಕೊಚ್ಚುವ ಯಂತ್ರ ಎಲ್ಲವನ್ನೂ ಹಳೆಯ ಭತ್ತದ ಕಣಜದ ಕೋಣೆಯಲ್ಲಿ ಒಟ್ಟಿಗೆ ಇಟ್ಟೆವು. ಮುಯ್ಯಾಳಿಗೆ ಹೋಗುವುದನ್ನು ಮರೆಯದ ಊರಿಗೆ ಮುಯ್ಯಿಯ ಸಾಮಾನು ಕಷ್ಟವಾಗಲಿಲ್ಲ. ಮೊದಲ ವರ್ಷ ಏಣಿಯ ವಿಷಯದಲ್ಲಿ ಸಣ್ಣ ಜಗಳವಾದದ್ದು ನಿಜ, ಅಡಿಕೆ ಕೊಯ್ಲಿನ ಸಮಯದಲ್ಲಿ ಎಲ್ಲರಿಗೂ ಒಂದೇ ದಿನ ಏಣಿ ಬೇಕಾಗುತ್ತದೆ. ಆದರೆ ಆಗಿನಿಂದ ಆ ಒಂಬತ್ತು ಮನೆಗಳಲ್ಲಿ ಒಬ್ಬರೂ ಹೊಸ ಕುರ್ಚಿ ತಂದಿಲ್ಲ.

ಹಂಡೆಯನ್ನು ದಯವಿಟ್ಟು ತೆಗೆಯಬೇಡಿ. ತೋಟದಲ್ಲಿ ತಾನಾಗಿ ಬೀಳುವ ಅಡಿಕೆ ಸೋಗೆಯ ದಂಟು, ತೆಂಗಿನ ಮಟ್ಟೆ, ಒಣ ಪುಳ್ಳೆ ಇವುಗಳನ್ನು ಉರಿಸಿದಾಗ ಮೇಲೆ ಹೋಗುವ ಇಂಗಾಲವನ್ನು ಮರುವರ್ಷದ ಸೋಗೆ ಮತ್ತೆ ಹೀರಿಕೊಳ್ಳುತ್ತದೆ. ನೆಲದಾಳದಿಂದ ತೆಗೆದ ಕಲ್ಲಿದ್ದಲಿನ ಲೆಕ್ಕ ಬೇರೆ, ಇದರ ಲೆಕ್ಕ ಬೇರೆ. ಹಸಿ ಮರ ಕಡಿದು ಉರಿಸಿದರೆ, ಇಲ್ಲವೇ ಹೊಗೆ ಮನೆಯೊಳಗೇ ಸುತ್ತಿದರೆ ಅದು ತಪ್ಪು. ಅರೆಬೆಂದ ಹೊಗೆಯ ಮಸಿ ಶ್ವಾಸಕೋಶಕ್ಕೂ ಕೆಟ್ಟದ್ದು, ವಾತಾವರಣವನ್ನೂ ಬಿಸಿ ಮಾಡುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಆರಂಭಿಸಿದ ಅಸ್ತ್ರ ಕೇಂದ್ರದಿಂದ ಬಂದ, ಸೌದೆ ಉಳಿಸುವ ಅಸ್ತ್ರ ಒಲೆಯನ್ನು ನಮ್ಮ ಕಡೆ ಹಲವು ಮನೆಗಳಲ್ಲಿ ಹಾಕಿಸಿದ್ದರು. ನಮ್ಮ ಬಚ್ಚಲಿನ ಒಲೆಗೂ ಅದೇ ತತ್ವದಲ್ಲಿ ಗಾಳಿ ಕೆಳಗಿನಿಂದ ಬರುವ ಜಾಲರಿ ಮತ್ತು ಹೊಗೆಕೊಳವೆ ಇದೆ, ಸೌದೆ ಮೊದಲಿನ ಅರ್ಧದಷ್ಟು ಸಾಕು.

ನಮ್ಮದು ಮುಳುಗಡೆಯ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯುವ ಮೊದಲು ನಮ್ಮ ಅಜ್ಜ ಊರು ಬಿಟ್ಟಾಗ ಮನೆಯ ಮುಂಡಿಗೆ (ಮರದ ಕಂಬ), ಬಾಗಿಲು, ತೊಲೆ, ಹೆಂಚು ಎಲ್ಲವನ್ನೂ ಬಿಚ್ಚಿ ಗಾಡಿಯ ಮೇಲೆ ಹೇರಿ ತಂದರಂತೆ. ಪಾತ್ರೆಗಳು ಕೊನೆಯ ಗಾಡಿಯ ಮೂಲೆಯಲ್ಲಿ ಹಿಡಿಸಿದವು. ಆ ಮುಂಡಿಗೆಗಳು ಈಗಲೂ ನಮ್ಮ ಜಗಲಿಯಲ್ಲಿವೆ. ಸಾಮಾನು ಕಡಿಮೆ ಇರುವುದೆಂದರೆ ಏನೆಂದು ನನಗೆ ತಿಳಿದದ್ದು ಆ ಕಥೆಯಿಂದ.

ಫ್ರಿಜ್ಜಿನ ವಿಷಯ ನನಗೆ ತಿಳಿಯದು. ಕರೆಂಟಿನ ಬಗ್ಗೆ ಮಾತ್ರ ಹೆಚ್ಚು ಚಿಂತೆ ಬೇಡವೆಂದು ನನ್ನ ಅನಿಸಿಕೆ. ನಮ್ಮ ಜಿಲ್ಲೆಯದು ಶರಾವತಿಯ ನೀರಿನ ವಿದ್ಯುತ್ತು, ಅದರಲ್ಲಿ ಹೊಗೆಯಿಲ್ಲ.


ಉತ್ತರ: ಮೂರು ಫೇಸ್, ಶಿವಮೊಗ್ಗ

ಹಿನ್ನೀರಿನವರ ಮಾತುಗಳಲ್ಲಿ ಹೆಚ್ಚಿನವನ್ನು ಒಪ್ಪುತ್ತೇನೆ, ಕೊನೆಯ ವಾಕ್ಯವನ್ನು ಬಿಟ್ಟು. ವಿದ್ಯುತ್ತಿನ ಕೆಲಸದಲ್ಲೇ ಮೂವತ್ತು ವರ್ಷ ಕಳೆದ ನನಗೆ ಈ ಮಾತನ್ನು ಮಲೆನಾಡಿನ ಪ್ರತಿ ಮನೆಯ ಜಗಲಿಯಲ್ಲೂ ಕೇಳಿ ಅಭ್ಯಾಸವಾಗಿದೆ. ಜೋಗದ ಕೆಳಗಿನ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಿಂದ ನಡೆಯುತ್ತಿರುವುದು, ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್ ಇರುವುದು ಎಲ್ಲವೂ ನಿಜ. ಆದರೆ ಆ ವಿದ್ಯುತ್ತು ಹುಟ್ಟಿದ ಕ್ಷಣದಲ್ಲೇ ಇಡೀ ದೇಶದ ಜಾಲಕ್ಕೆ ಸೇರಿಹೋಗುತ್ತದೆ. ನಿಮ್ಮ ಮನೆಯ ತಂತಿಗೆ ಬಂದದ್ದು ಶರಾವತಿಯದು, ಪಕ್ಕದ ಜಿಲ್ಲೆಗೆ ಹೋದದ್ದು ಕಲ್ಲಿದ್ದಲಿನದು ಎಂದು ಗೆರೆ ಎಳೆಯಲು ಬರುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಜಲಾಶಯದಲ್ಲಿರುವ ನೀರು ಆ ವರ್ಷಕ್ಕೆ ಇಷ್ಟೇ ಎಂದು ಮಳೆ ತೀರ್ಮಾನಿಸಿಬಿಟ್ಟಿರುತ್ತದೆ. ನೀವು ಗೀಸರ್ ಹಾಕಿಸಿ ಒಂದು ಯೂನಿಟ್ ಹೆಚ್ಚು ಬಳಸಿದರೆಂದು ಲಿಂಗನಮಕ್ಕಿಯಲ್ಲಿ ಹೆಚ್ಚು ಮಳೆ ಬೀಳುವುದಿಲ್ಲ. ಆ ಹೆಚ್ಚಿನ ಯೂನಿಟ್ಟನ್ನು ಬಹುಪಾಲು ಸಮಯ ರಾಯಚೂರು, ಬಳ್ಳಾರಿಗಳಂಥ ಕಲ್ಲಿದ್ದಲಿನ ಸ್ಥಾವರಗಳೇ ತುಂಬಬೇಕು. ದೇಶದ ಸರಾಸರಿಯಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದು ಲೆಕ್ಕ ಹಿಡಿಯಬೇಕು (ಮುಂದೆ ಹೊಗೆ ಎಂದು ತೂಕ ಹೇಳುವಾಗಲೆಲ್ಲ ಇದೇ).

ಇದನ್ನು ಕೈಯಲ್ಲಿಟ್ಟುಕೊಂಡರೆ ನಿಮ್ಮ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಇಪ್ಪತ್ತು ಲೀಟರ್ ನೀರನ್ನು ಸ್ನಾನದ ಬಿಸಿಗೆ ತರಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕು. ನಾಲ್ಕು ಜನರ ಮನೆಯಲ್ಲಿ ವರ್ಷಕ್ಕೆ ಏಳುನೂರು ಯೂನಿಟ್ ದಾಟುತ್ತದೆ, ಅಂದರೆ ಅರ್ಧ ಟನ್. ನೀವು ಮೂವರೇ ಇರುವುದರಿಂದ ಸ್ವಲ್ಪ ಕಡಿಮೆ. ಗೀಸರಿಗಿಂತ ಸೋಲಾರ್ ವಾಟರ್ ಹೀಟರ್ ಒಳ್ಳೆಯದು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಅದು ಮಾಡಿನ ಮೇಲೆ ಮಳೆನೀರು ಕುಡಿಯುತ್ತ ಕುಳಿತಿರುತ್ತದೆ. ಬಿಸಿಲಿನ ಎಂಟು ತಿಂಗಳು ಸೋಲಾರ್, ಮಳೆಯ ನಾಲ್ಕು ತಿಂಗಳು ಹಂಡೆ: ನಮ್ಮ ತಂಗಿಯ ಮನೆಯಲ್ಲಿ ಹೀಗೆಯೇ ನಡೆಯುತ್ತಿದೆ.

ಇನ್ನು ಫ್ರಿಜ್ಜು. ಇಲ್ಲಿ ಹಿನ್ನೀರಿನವರ ಕೊಪ್ಪರಿಗೆಯ ನಿಯಮ ನಡೆಯುವುದಿಲ್ಲ, ಏಕೆಂದರೆ ಕೊಪ್ಪರಿಗೆ ಸುಮ್ಮನೆ ಕುಳಿತಿರುತ್ತದೆ, ಫ್ರಿಜ್ಜು ಹಗಲೂ ರಾತ್ರಿ ಕರೆಂಟು ತಿನ್ನುತ್ತದೆ. ವಸ್ತುಗಳಲ್ಲಿ ಎರಡು ಜಾತಿ. ಕೆಲವಕ್ಕೆ ಹುಟ್ಟುವಾಗಲೇ ಹೆಚ್ಚಿನ ಭಾರ, ಕೆಲವಕ್ಕೆ ಬದುಕುವಾಗ. ಮೊಬೈಲು ಮೊದಲ ಜಾತಿಯದು. ಅದರ ಜೀವಮಾನದ ಹೊಗೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ನೀವು ಡಬ್ಬಿ ತೆರೆಯುವ ಮೊದಲೇ ಗಣಿಯಲ್ಲಿ, ಕಾರ್ಖಾನೆಯಲ್ಲಿ ಮುಗಿದಿರುತ್ತದೆ. ಅದನ್ನು ಎರಡು ವರ್ಷದ ಬದಲು ಐದು ವರ್ಷ ಬಳಸುವುದರಲ್ಲೇ ಉಳಿತಾಯ. ಬಟ್ಟೆ, ಪಾತ್ರೆ, ಮಂಚ, ಕಪಾಟು ಇವೂ ಇದೇ ಜಾತಿ. ಹಳೆಯ ಫ್ರಿಜ್ಜು, ಕಾರು, ಗೀಸರ್ ಇವು ಎರಡನೆಯವು. ನನ್ನ ಹದಿನೇಳು ವರ್ಷದ ಫ್ರಿಜ್ಜಿಗೆ ಮೀಟರ್ ಕಟ್ಟಿ ನೋಡಿದಾಗ ದಿನಕ್ಕೆ ಒಂದೂವರೆ ಯೂನಿಟ್ ತೋರಿಸಿತು. ವರ್ಷಕ್ಕೆ ಸುಮಾರು 550 ಯೂನಿಟ್, 380 ಕೆ.ಜಿ. ಹೊಗೆ. ಅಡುಗೆ ಅನಿಲದ 14.2 ಕೆ.ಜಿ. ಸಿಲಿಂಡರ್ ಒಂದನ್ನು ಪೂರ್ತಿ ಉರಿಸಿದರೆ ಬರುವುದು 42 ಕೆ.ಜಿ.ಯ ಆಸುಪಾಸು. ಒಂಬತ್ತು ಸಿಲಿಂಡರಿನ ಹೊಗೆಯನ್ನು ಒಂದು ಹಳೆಯ ಫ್ರಿಜ್ಜು ಸದ್ದಿಲ್ಲದೆ ಮಾಡುತ್ತಿತ್ತು.

ಆದ್ದರಿಂದ ಎರಡರಲ್ಲಿ ಹೊಸದು ಯಾವುದೋ ಅದನ್ನು ಉಳಿಸಿಕೊಳ್ಳಿ, ಇನ್ನೊಂದನ್ನು ಇಂದೇ ಬಂದ್ ಮಾಡಿ. ಮೂರನೆಯದನ್ನು ತರುವ ಅಗತ್ಯ ಕಾಣುವುದಿಲ್ಲ. ಹಳೆಯದನ್ನು ಇನ್ನೊಬ್ಬರಿಗೆ ಮಾರಿದರೆ ಅದು ಅವರ ಮನೆಯಲ್ಲಿ ತಿನ್ನಲು ಶುರುಮಾಡುತ್ತದೆ, ಅಷ್ಟೇ ವ್ಯತ್ಯಾಸ. ಗುಜರಿಯವರಿಗೆ ಹಾಗೆಯೇ ಕೊಟ್ಟರೆ ಅವರು ತಾಮ್ರದ ಕೊಳವೆಗಾಗಿ ಅದನ್ನು ಕತ್ತರಿಸುತ್ತಾರೆ, ಒಳಗಿನ ಅನಿಲ ಹೊರಗೆ ಹೋಗುತ್ತದೆ. ಆ ಕಾಲದ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಆರ್-134ಎ. ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಹೆಚ್ಚು ಬಿಸಿ ಹಿಡಿಯುವಂಥದ್ದು. ನೂರೈವತ್ತು ಗ್ರಾಂ ಸೋರಿದರೆ ಇನ್ನೂರು ಕೆ.ಜಿ. ಹೊಗೆಗೆ ಸಮ. ನಿಮ್ಮ ಅಟ್ಟದ ಪಾತ್ರೆಗಳನ್ನೆಲ್ಲ ಸೇರಿಸಿದರೂ ಇದರಷ್ಟು ತುರ್ತಿನ ವಸ್ತು ಇನ್ನೊಂದಿಲ್ಲ. ಹೊಸ ಫ್ರಿಜ್ಜುಗಳಲ್ಲಿ ಬಳಸುವ ಐಸೊಬ್ಯುಟೇನಿಗೆ ಈ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ.

ಕೊನೆಗೊಂದು ಸಮಾಧಾನದ ಮಾತು. ಇದುವರೆಗೆ ನೀವು ವಾರಕ್ಕೊಮ್ಮೆ ಕಾರಿನಲ್ಲಿ ಊರಿಗೆ ಬಂದು ಹೋಗುತ್ತಿದ್ದಿರೆಂದು ಊಹಿಸುತ್ತೇನೆ. ನೂರಿಪ್ಪತ್ತು ಕಿಲೋಮೀಟರಿಗೆ ಎಂಟು ಲೀಟರ್ ಪೆಟ್ರೋಲ್, ಲೀಟರಿಗೆ 2.3 ಕೆ.ಜಿ. ಹೊಗೆ. ವರ್ಷಕ್ಕೆ ಒಂದು ಟನ್‌ಗೆ ಹತ್ತಿರ. ಮನೆ ಒಂದಾದದ್ದರಿಂದಲೇ ಅದು ನಿಂತಿದೆ, ಇನ್ನು ನೀವು ತರಕಾರಿಗಾಗಿ ಶಿವಮೊಗ್ಗದ ಗಾಂಧಿ ಬಜಾರಿಗೆ ಕಾರಿನಲ್ಲಿ ಹೋಗದಿದ್ದರೆ.


ಉತ್ತರ: ಸಂಶಯಿ, ಭದ್ರಾವತಿ

ಇದೆಲ್ಲ ಓದಲು ಚೆನ್ನಾಗಿದೆ. ಆದರೆ ಭಾರತದಲ್ಲಿ ತಲಾ ಹೊಗೆ ವರ್ಷಕ್ಕೆ ಎರಡು ಟನ್ನಿನ ಸುಮಾರು, ಅಮೆರಿಕದಲ್ಲಿ ಹದಿನಾಲ್ಕು. ಅಲ್ಲಿಯವರು ಮಾಡಿದ್ದಕ್ಕೆ ತೀರ್ಥಹಳ್ಳಿಯ ಎಂಬತ್ತೆರಡು ವರ್ಷದ ಅಜ್ಜಿಯ ಅಟ್ಟ ಏಕೆ ಖಾಲಿಯಾಗಬೇಕು? ಸರ್ಕಾರ 2022ರಲ್ಲಿ ‘ಮಿಷನ್ ಲೈಫ್’ ಎಂದು ಆರಂಭಿಸಿ ಜನರಿಗೆ ಬದುಕುವ ರೀತಿ ಬದಲಿಸಲು ಹೇಳಿತು. ನಮ್ಮ ಹಳ್ಳಿಗೆ ಸಂಜೆಯ ಬಸ್ಸೇ ಇಲ್ಲ, ಬೈಕು ಬಿಡು ಎಂದರೆ ಬಿಟ್ಟು ಏನು ಮಾಡುವುದು?


ಉತ್ತರ: ಮೂರು ಫೇಸ್, ಶಿವಮೊಗ್ಗ

ಬಸ್ಸಿನ ಮಾತು ನೂರಕ್ಕೆ ನೂರು ಸರಿ. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2022ರ ವರದಿಯಲ್ಲಿ, ಬಳಕೆಯ ಕಡೆಯ ಬದಲಾವಣೆಗಳಿಂದ 2050ರ ಹೊತ್ತಿಗೆ ಹೊಗೆಯನ್ನು ಶೇಕಡಾ 40ರಿಂದ 70ರಷ್ಟು ಇಳಿಸಬಹುದು ಎಂದಾಗ ಅದರಲ್ಲಿ ಜನರ ಮನಸ್ಸಿನ ಜೊತೆಗೆ ಬಸ್ಸು, ರೈಲು, ಕಟ್ಟಡ, ಸರ್ಕಾರದ ವ್ಯವಸ್ಥೆ ಎಲ್ಲವೂ ಸೇರಿತ್ತು. ಸರಾಸರಿಯ ವಿಷಯದಲ್ಲಿ ಮಾತ್ರ ಒಂದು ತಿದ್ದುಪಡಿ: ಎರಡು ಫ್ರಿಜ್ಜು, ಒಂದು ಕಾರು ಇರುವ ಮನೆ ಆ ಎರಡು ಟನ್ನಿನ ಮನೆಯಲ್ಲ. ನಮ್ಮ ಮನೆಯೂ ಅಲ್ಲ. ತೋಟಕ್ಕೆ ಕೂಲಿಗೆ ಬರುವವರ ಸರಾಸರಿಯ ಹಿಂದೆ ನಾನು ಅಡಗಿಕೊಳ್ಳಲು ಹೋಗುವುದಿಲ್ಲ. ಅಜ್ಜಿಯ ಅಟ್ಟ ಖಾಲಿಯಾಗಬೇಕೆಂದು ಇಲ್ಲಿ ಯಾರೂ ಹೇಳಿಲ್ಲವೆಂಬುದನ್ನೂ ಗಮನಿಸಿ.


ಉತ್ತರ: ಮುಂಡಿಗೆ, ಹೊಸನಗರ

ಅಮ್ಮಾ, ನಾನು ಮನೆ ಕಟ್ಟಿಸುವ ಗುತ್ತಿಗೆಯವನು. ಆದ್ದರಿಂದ ಈ ಕೆಳಗಿನ ಮಾತು ನನ್ನ ಹೊಟ್ಟೆಪಾಡಿಗೆ ವಿರುದ್ಧವಾದದ್ದು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನೀವು ಸೌಟಿನಿಂದ ಸೀರೆಯವರೆಗೆ ಎಲ್ಲವನ್ನೂ ಎಣಿಸಿ, ಎಲ್ಲಕ್ಕಿಂತ ದೊಡ್ಡ ಸಾಮಾನನ್ನು ಪ್ರಶ್ನೆಯ ಕೊನೆಯ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಅದು ಮನೆ.

ಸಾವಿರ ಚದರ ಅಡಿಯ ಆರ್‌ಸಿಸಿ ಮನೆಗೆ ನಮ್ಮ ಅಂದಾಜಿನಲ್ಲಿ ನಾನೂರು ಚೀಲ ಸಿಮೆಂಟು ಮತ್ತು ಮೂರೂವರೆಯಿಂದ ನಾಲ್ಕು ಟನ್ ಕಬ್ಬಿಣ ಬೇಕು. ಸಿಮೆಂಟು ಮಾಡುವುದೆಂದರೆ ಸುಣ್ಣದ ಕಲ್ಲನ್ನು ಸುಡುವುದು. ಕುಲುಮೆಯ ಬೆಂಕಿಗೆ ಬೇಕಾದ ಕಲ್ಲಿದ್ದಲಿನ ಹೊಗೆ ಒಂದು ಭಾಗವಾದರೆ, ಸುಟ್ಟ ಕಲ್ಲು ತನ್ನೊಳಗಿನಿಂದಲೇ ಬಿಡುವ ಇಂಗಾಲದ ಡೈಆಕ್ಸೈಡ್ ಅದಕ್ಕಿಂತ ಹೆಚ್ಚು. ಆ ಕುಲುಮೆಯನ್ನು ಬಿಸಿಲಿನಿಂದ ಉರಿಸಿದರೂ ಕಲ್ಲಿನಿಂದ ಬರುವುದು ನಿಲ್ಲುವುದಿಲ್ಲ. ಒಂದು ಚೀಲಕ್ಕೆ ಮೂವತ್ತು ಕೆ.ಜಿ. ಎಂದು ಕಡಿಮೆಯಲ್ಲಿ ಹಿಡಿದರೂ ನಾನೂರು ಚೀಲಕ್ಕೆ ಹನ್ನೆರಡು ಟನ್. ನಮ್ಮ ದೇಶದ ಕಬ್ಬಿಣಕ್ಕೆ ಟನ್ನಿಗೆ ಎರಡೂವರೆ ಟನ್ನಿನ ಲೆಕ್ಕದಲ್ಲಿ ಇನ್ನೊಂದು ಒಂಬತ್ತು ಹತ್ತು. ಒಟ್ಟು ಕಡಿಮೆಯೆಂದರೂ ಇಪ್ಪತ್ತು ಟನ್. ಮೇಲಿನವರು ಕೊಟ್ಟ ಸಿಲಿಂಡರ್ ಲೆಕ್ಕದಲ್ಲಿ ನೋಡಿದರೆ ಇದು 470 ಸಿಲಿಂಡರ್. ನಿಮ್ಮಂಥ ಮನೆಗೆ ವರ್ಷಕ್ಕೆ ಎಂಟು ಸಿಲಿಂಡರ್ ಎಂದುಕೊಂಡರೂ ಸುಮಾರು ಅರವತ್ತು ವರ್ಷದ ಅಡುಗೆಯ ಹೊಗೆ ಹತ್ತು ತಿಂಗಳ ಕೆಲಸದಲ್ಲಿ ಹೋಗುತ್ತದೆ. ಇಟ್ಟಿಗೆ, ಟೈಲ್ಸು, ಲಾರಿ ಬಾಡಿಗೆಯ ಡೀಸೆಲ್ ಇವು ಯಾವುವೂ ಇದರಲ್ಲಿ ಸೇರಿಲ್ಲ.

ಈಗಿರುವ ಮನೆಯಾದರೋ ಕಲ್ಲು, ಮಣ್ಣು, ಮರ, ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟದ ಮೇಲಕ್ಕೂ ಬಂದ ಆ ಹೆಂಚು ಎಷ್ಟು ಮಳೆ ಕಂಡರೂ, ಒಡೆಯದಿದ್ದರೆ, ತೊಳೆದು ತಿರುಗಿ ಹೊದೆಸಬಹುದು. ನಾನು ಬಿಚ್ಚಿದ ಮನೆಗಳಲ್ಲಿ ಕೆಟ್ಟಿರುತ್ತಿದ್ದದ್ದು ಸಾಮಾನ್ಯವಾಗಿ ಮೂರೇ ಜಾಗ: ಸೂರಿನ ಕಡೆಯ ಪಕಾಸಿನ (ಮಾಡಿನ ಇಳಿಜಾರು ಮರದ) ತುದಿ, ರೀಪು (ಹೆಂಚು ಕೂರುವ ಮರದ ಪಟ್ಟಿ), ಮತ್ತು ಬಚ್ಚಲ ಗೋಡೆಯ ಬುಡ. ಒಳಗಿನ ತೊಲೆ, ಮುಂಡಿಗೆಗಳಿಗೆ ಉಗುರು ಒತ್ತಿದರೂ ಇಳಿಯುವುದಿಲ್ಲ. ಆದರೂ ಬಿಚ್ಚಿದೆವು, ಏಕೆಂದರೆ ಮನೆಯವರಿಗೆ ನೆಂಟರ ಮನೆಯಂಥದೇ ಬೇಕಿತ್ತು. ಆಮೇಲೆ ಏನಾಗುತ್ತದೆಂಬುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮೂರನೆಯ ಮಳೆಗಾಲಕ್ಕೆ ತಾರಸಿ ಜಿನುಗುತ್ತದೆ, ಐದನೆಯ ಮಳೆಗಾಲದ ಮೊದಲು ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸುತ್ತಾರೆ. ಒಂದು ಮನೆಗೆ ಎರಡು ಮಾಡು. ಮಲೆನಾಡಿನ ಮಳೆಗೆ ಇಳಿಜಾರು ಬೇಕೆಂದು ಅಜ್ಜಂದಿರಿಗೆ ಗೊತ್ತಿದ್ದದ್ದನ್ನು ನಾವು ಎರಡು ಸಲ ದುಡ್ಡು ಕೊಟ್ಟು ಕಲಿಯುತ್ತೇವೆ.

ಸೋಲಾರ್ ಫಲಕಕ್ಕಾಗಿ ಹೊಸ ಮನೆ ಬೇಕಿಲ್ಲ. ಮೂರು ಕಿಲೋವ್ಯಾಟಿನ ಫಲಕಕ್ಕೆ 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನವಿದೆ. ಕೊಟ್ಟಿಗೆಯ ಶೀಟಿನ ಮಾಡು ದಕ್ಷಿಣಕ್ಕೆ ಇಳಿಜಾರಾಗಿದ್ದರೆ, ಅದರ ಕಂಬಗಳು ಗಟ್ಟಿಯಿದ್ದರೆ ಅಲ್ಲಿಯೇ ಕೂರಿಸಬಹುದು. ಹೊಸ ಮನೆ ಕಟ್ಟಿ ಕೂರಿಸಿದರೆ ಆ ಫಲಕ ಮೊದಲ ಏಳೆಂಟು ವರ್ಷ ದುಡಿಯುವುದು ಸಿಮೆಂಟು ಕಬ್ಬಿಣದ ಸಾಲ ತೀರಿಸುವುದಕ್ಕೇ ಆಗುತ್ತದೆ. ನಮ್ಮ ಮಳೆಗಾಲದ ಲೆಕ್ಕ ಹಾಕಿದರೆ ಇನ್ನೂ ಹೆಚ್ಚು.

ಮನೆ ಹಳೆಯದಾದರೆ ಕಷ್ಟಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಗೆದ್ದಲು ಇದೆ, ಬೆಳಕು ಕಡಿಮೆ, ವಯಸ್ಸಾದವರಿಗೆ ಎತ್ತರದ ಹೊಸ್ತಿಲು ದಾಟುವುದು ಕಷ್ಟ, ಬಚ್ಚಲು ದೂರ. ಇವುಗಳಿಗೆ ಕನ್ನಡಿ ಹೆಂಚು ಹಾಕುವುದು, ಒಳಗೇ ಒಂದು ಬಚ್ಚಲು ಮಾಡುವುದು, ಅಡುಗೆಮನೆಯ ನೆಲ ಎತ್ತರಿಸುವುದು ಮೊದಲಾದ ಕೆಲಸಗಳಿಗೆ ಐವತ್ತು ಅರವತ್ತು ಚೀಲ ಸಿಮೆಂಟು ಸಾಕು. ಗೋಡೆ ಒಳಕ್ಕೆ ವಾಲಿದ್ದರೆ, ಇಲ್ಲವೇ ಮನೆಯ ಹಿಂದಿನ ಧರೆಯೇ ಬಿರುಕು ಬಿಟ್ಟಿದ್ದರೆ ಮಾತು ಬೇರೆ. ಜೀವಕ್ಕಿಂತ ಲೆಕ್ಕ ದೊಡ್ಡದಲ್ಲ. ಹಾಗಾದಾಗಲೂ ಹಿನ್ನೀರಿನವರ ಅಜ್ಜ ಮಾಡಿದಂತೆ ಮುಂಡಿಗೆ, ಬಾಗಿಲು, ಹೆಂಚುಗಳನ್ನು ನೀವೇ ಮತ್ತೆ ಬಳಸಿ. ಈಗ ಹಳೆಯ ತೇಗ, ಹಲಸಿನ ಮರವನ್ನು ಕೊಳ್ಳಲು ಹೊರಗಿನ ದಲ್ಲಾಳಿಗಳು ಕಾದಿರುತ್ತಾರೆ, ಮನೆಯವರು ಕೊಟ್ಟುಬಿಟ್ಟು ಹೊಸ ಬಾಗಿಲನ್ನು ಅಂಗಡಿಯಿಂದ ತರುತ್ತಾರೆ.


ಊರಮನೆ ಸೊಸೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ಮುಂಡಿಗೆಯವರ ಉತ್ತರವನ್ನು ಯಜಮಾನರಿಗೂ ಫೋನಿನಲ್ಲಿ ಮಗಳಿಗೂ ಓದಿ ಹೇಳಿದೆ. ಮಗಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ, ಆಮೇಲೆ ನಾನೂರು ಚೀಲದ ಲೆಕ್ಕವನ್ನು ಇನ್ನೊಮ್ಮೆ ಹೇಳಲು ಕೇಳಿದಳು. ಯಜಮಾನರಿಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ನಿವೃತ್ತಿಯ ಹಣದಲ್ಲಿ ತಮ್ಮದೊಂದು ಮನೆ ಕಟ್ಟಬೇಕೆಂಬುದು ಇಪ್ಪತ್ತಾರು ವರ್ಷ ಬಾಡಿಗೆ ಕೊಟ್ಟವರ ಆಸೆ, ಅದನ್ನು ಟನ್ನಿನ ಲೆಕ್ಕದಿಂದ ಒಂದೇ ದಿನಕ್ಕೆ ಇಳಿಸಲು ನನಗೂ ಮನಸ್ಸಿಲ್ಲ. ದೀಪಾವಳಿಗೆ ಬಿಚ್ಚುವ ಬದಲು, ಮಳೆ ನಿಂತ ಮೇಲೆ ಆಚಾರಿಯವರನ್ನು ಕರೆಸಿ ಹೆಂಚು ಇಳಿಸಿ ಪಕಾಸುಗಳನ್ನು ನೋಡಿಸುವುದು ಎಂಬಲ್ಲಿಗೆ ಸದ್ಯ ನಿಂತಿದ್ದೇವೆ. ಧರೆಯಲ್ಲಿ ಬಿರುಕಿಲ್ಲ, ನಿನ್ನೆ ಹೋಗಿ ನೋಡಿ ಬಂದೆವು.

ಸಣ್ಣ ಸಾಮಾನುಗಳಲ್ಲಿ ಇಷ್ಟಾಗಿದೆ. ಕುರ್ಚಿಗಳು ಊರಿನ ಭಜನಾ ಮಂದಿರಕ್ಕೆ ಹೋದವು. ಡಬ್ಬಿಗಳಲ್ಲಿ ಎಂಟನ್ನು, ಹೊಸದಾಗಿ ಸಂಸಾರ ಹೂಡಿದ ನಮ್ಮ ತೋಟದ ಕೆಲಸದವರ ಮಗಳು ಆರಿಸಿಕೊಂಡಳು. ಮುಂದಿನ ಕಾರ್ಯಗಳಿಗೆ ನಮಗೆ ಪಾತ್ರೆಯ ಉಡುಗೊರೆ ಬೇಡವೆಂದು ನೆಂಟರಿಗೆ ಹೇಳುವುದು ಹೇಗೆಂಬುದು ಇನ್ನೂ ಬಗೆಹರಿದಿಲ್ಲ. ಸೀರೆಗಳಲ್ಲಿ ಹತ್ತಿಯವನ್ನು ಹೊಲಿದು ಹೊದಿಕೆ ಮಾಡುತ್ತೇವೆ, ರೇಷ್ಮೆಯವು ಟ್ರಂಕಿನಲ್ಲೇ ಇರುತ್ತವೆ. ಕೊಪ್ಪರಿಗೆಗಳನ್ನು ಅಟ್ಟದಿಂದ ಇಳಿಸಿದ್ದನ್ನು ನೋಡಿದ ಅತ್ತೆಯವರು ಕಲಾಯಿಯವರು ಈಗ ಬರುತ್ತಾರೆಯೇ ಎಂದು ಮೂರು ಸಲ ಕೇಳಿದರು, ತಿಳಿದವರಿದ್ದರೆ ಹೇಳಿ.

ಹಳೆಯ ಫ್ರಿಜ್ಜನ್ನು ಬಂದ್ ಮಾಡಿದ್ದೇವೆ. ಅದರೊಳಗೆ ಅತ್ತೆಯವರು ಈಗ ಅಕ್ಕಿ ಹಪ್ಪಳ, ಸಂಡಿಗೆ ಡಬ್ಬಿಗಳನ್ನು ಇಟ್ಟಿದ್ದಾರೆ. ಇರುವೆಯೂ ಬರುವುದಿಲ್ಲ, ಮಳೆಗಾಲದ ತೇವವೂ ತಾಗುವುದಿಲ್ಲ ಎನ್ನುತ್ತಾರೆ. ಹೀಗೇ ಇಟ್ಟುಕೊಂಡರೆ ಒಳಗಿನ ಅನಿಲಕ್ಕೆ ಏನಾದರೂ ತೊಂದರೆಯೇ?


ಉತ್ತರ: ಮೂರು ಫೇಸ್, ಶಿವಮೊಗ್ಗ

ತೊಂದರೆಯಿಲ್ಲ, ಕೊಳವೆಗೆ ಪೆಟ್ಟು ಬೀಳದಿದ್ದರೆ ಅನಿಲ ಒಳಗೇ ಇರುತ್ತದೆ. ಹಿಂಬದಿಯನ್ನು ಗೋಡೆಗೆ ತಾಗಿಸಿ ತಳ್ಳಬೇಡಿ, ತೇವದಲ್ಲಿ ತುಕ್ಕು ಹಿಡಿದು ತೂತಾಗುವುದು ಅಲ್ಲೇ. ಮಕ್ಕಳು ಬರುವ ಮನೆಯಾದರೆ ಒಳಗೆ ಹೊಕ್ಕು ಸಿಕ್ಕಿಕೊಳ್ಳದಂತೆ ಬಾಗಿಲಿಗೆ ಹೊರಗಿನಿಂದ ಒಂದು ಚಿಲಕ ಇರಲಿ. ಕೊಡುವ ದಿನ ಬಂದಾಗ ಗುಜರಿಯವರಿಗೆ ಕೊಡುವ ಮೊದಲು ರಿಪೇರಿಯವರನ್ನು ಕರೆದು, ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರ ಅವರಲ್ಲಿದೆಯೇ ಎಂದು ಕೇಳಿ. ಇಲ್ಲವೆಂದರೆ ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಯವರಿಗೇ ಕೊಡಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಉಪಕರಣಗಳ ಹೊಣೆ ತಯಾರಕರದ್ದು, ಆದ್ದರಿಂದ ಆ ಕಂಪನಿಯ ಗ್ರಾಹಕ ಸೇವೆಗೆ ಮೊದಲು ಫೋನು ಮಾಡಿ. ಮೊಬೈಲುಗಳ ಬುಟ್ಟಿಯನ್ನೂ ಅದೇ ದಾರಿಯಲ್ಲಿ ಕಳಿಸಬಹುದು, ಅಷ್ಟರವರೆಗೆ ಉಬ್ಬಿದ ಬ್ಯಾಟರಿ ಇದ್ದರೆ ಮಾತ್ರ ಬೇರೆ ಮಾಡಿ ಮನೆಯ ಹೊರಗಿಡಿ.


ಉತ್ತರ: ಹಿನ್ನೀರು, ಸಾಗರ

ಕರೆಂಟಿನ ವಿಷಯದಲ್ಲಿ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಕಲಾಯಿಯವರು ನಮ್ಮ ಕಡೆಗೆ ಅಡಿಕೆ ಕೊಯ್ಲು ಮುಗಿದ ಮೇಲೆ, ಮದುವೆಗಳು ಶುರುವಾಗುವ ಮೊದಲು ಒಮ್ಮೆ ಬರುತ್ತಾರೆ. ನಾಲ್ಕು ಮನೆಯ ಪಾತ್ರೆ ಒಂದೇ ಕಡೆ ಸೇರಿದ್ದರೆ ಮಾತ್ರ ತಿದಿ ಹೂಡುತ್ತಾರೆ. ಅಕ್ಕ, ನಿಮ್ಮ ಸುತ್ತಿನ ಮನೆಯವರನ್ನು ಈಗಲೇ ಕೇಳಿಟ್ಟುಕೊಳ್ಳಿ. ಅವರು ಬಂದಾಗ ನಿಮ್ಮ ಕಡೆಗೂ ಹೋಗಲು ಹೇಳುತ್ತೇನೆ.